ರಜೆಯಲ್ಲಿ ಕೂಲಿ ಮಾಡಿದ್ದನ್ನ ನಾವು ಯಾಕೆ ಮುಚ್ಚಿಟ್ವಿ?



ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡ್ಕೊಂಡು ಓದಿ. ಹೋದ ವಾರ ನಮ್ಮ ಮನೆಯಲ್ಲಿ ಒಂದು ಜಗಳ ಆಯ್ತು. ಮಗಳು ಬಿಕಾಂ ಎರಡನೇ ವರ್ಷದ ಪರೀಕ್ಷೆ ಮುಗಿಸಿ ಮನೇಲಿದ್ದಾಳೆ. ಟೌನಿನ ಬಟ್ಟೆ ಅಂಗಡಿಯೊಂದರಲ್ಲಿ ಮದುವೆ ಸೀಸನ್ ಮುಗಿಯೋವರೆಗೂ ಹುಡುಗೀರು ಬೇಕಂತೆ, ತಿಂಗಳಿಗೆ ಒಂಬತ್ತು ಸಾವಿರ ಕೊಡ್ತಾರಂತೆ. "ಅಪ್ಪಾ, ನಾನೂ ನನ್ನ ಫ್ರೆಂಡೂ ಎರಡು ತಿಂಗಳು ಹೋಗ್ತೀವಿ" ಅಂದ್ಲು. ನಾನು ತಟ್ಟೆ ಮುಂದೆ ಕೂತಿದ್ದೆ. ಯೋಚನೆ ಮಾಡೋಕೆ ಮುಂಚೆ ಬಾಯಿಂದ ಮಾತು ಬಂದುಬಿಡ್ತು. "ಯಾರದೋ ಅಂಗಡೀಲಿ ಸೀರೆ ಬಿಚ್ಚಿ ಮಡಚೋಕಾ ನಿನ್ನ ಓದಿಸ್ತಿರೋದು?"

ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. "ಏಪ್ರಿಲ್ 14ಕ್ಕೆ ಮೈಕ್ ಹಿಡ್ಕೊಂಡು ದುಡಿಮೆಗೆ ಗೌರವ ಇಲ್ಲದ ದೇಶ ಇದು ಅಂತ ಹೇಳಿದ್ದು ನೀವೇ ಅಲ್ವಾ ಅಪ್ಪಾ?" ಅಂದು ಎದ್ದು ಹೋದ್ಲು. ಬಾಗಿಲ ಹತ್ರ ಕೂತು ಅವರೆಕಾಯಿ ಸುಲೀತಿದ್ದ ನಮ್ಮಮ್ಮ ತಲೆ ಎತ್ತದೇನೇ, "ನಿಂಗೆ ಮಂಡಿ ಮರ್ತೋಯ್ತೇನೋ?" ಅಂದ್ರು.

ಮರೆತಿರಲಿಲ್ಲ. ಮರೆತಿಲ್ಲ ಅನ್ನೋದಕ್ಕೇ ಆ ಮಾತು ಬಾಯಿಂದ ಬಂದಿದ್ದು.

ನಮ್ಮ ಕೋಲಾರದ ಕಡೆಯವರಿಗೆ ಮಂಡಿ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಶ್ರೀನಿವಾಸಪುರದ ಸುತ್ತ ಮೇ ತಿಂಗಳು ಬಂತು ಅಂದ್ರೆ ಎಲ್ಲಿ ನೋಡಿದ್ರೂ ಮಾವು. ಟ್ರ್ಯಾಕ್ಟರು, ಟೆಂಪೋಗಳಲ್ಲಿ ಕಾಯಿ ಬರ್ತವೆ. ಇಳಿಸಬೇಕು, ರಾಶಿ ಹಾಕಬೇಕು, ದಪ್ಪ ಸಣ್ಣ ಅಂತ ಆರಿಸಬೇಕು, ಹುಲ್ಲು ಹಾಸಿ ತುಂಬಬೇಕು, ಲಾರಿಗೆ ಲೋಡ್ ಮಾಡಬೇಕು. ನಾನು ಪಿಯುಸಿ ಸೇರಿದ ವರ್ಷದಿಂದ ಬಿಎ ಮುಗಿಯೋವರೆಗೂ ಐದು ಬೇಸಿಗೆ ಅಲ್ಲೇ ಕೆಲಸ ಮಾಡ್ದೆ. ನಾನೊಬ್ಬನೇ ಅಲ್ಲ, ನಮ್ಮ ಹಾಸ್ಟೆಲಿನ ಅರ್ಧ ಹುಡುಗ್ರು ಅಲ್ಲೇ ಇರ್ತಿದ್ರು. ಪರೀಕ್ಷೆ ಮುಗಿದ ಮಾರನೇ ದಿನ ಹಾಸ್ಟೆಲ್ ಬಾಗಿಲು ಹಾಕೋರು. ಟ್ರಂಕು ತಗೊಂಡು ಊರಿಗೆ ಹೋದ್ರೆ ಮನೇಲಿ ಒಂದು ಬಾಯಿ ಹೆಚ್ಚಾಯ್ತು ಅಂತ ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ. ಆದ್ರೆ ರಾಗಿ ಡಬ್ಬ ಸದ್ದು ಮಾಡ್ತಿತ್ತು.

ಮಾವಿನ ಕಾಯಿ ತೊಟ್ಟು ಮುರಿದಾಗ ಸೊನೆ ಸಿಡಿಯುತ್ತೆ. ಚರ್ಮಕ್ಕೆ ಬಿದ್ರೆ ಸುಡುತ್ತೆ, ಎರಡು ದಿನಕ್ಕೆ ಕಪ್ಪಗೆ ಕಲೆ ಕಟ್ಟುತ್ತೆ. ಬೆರಳ ಸಂದಿ, ಮೊಣಕೈ, ಕೆಲವರಿಗೆ ತುಟಿ ಹತ್ರ, ಕುತ್ತಿಗೆ ಮೇಲೆ. ಕೂಲಿ ಖರ್ಚಾಗಿ ಹೋದ ಮೇಲೂ ಆ ಕಲೆ ಉಳಿಯೋದು. ಕಾಲೇಜು ಶುರುವಾದಾಗ ನಾವು ಬಿಸಿಲಲ್ಲೂ ತುಂಬು ತೋಳಿನ ಅಂಗಿ ಹಾಕ್ಕೊಂಡು ಹೋಗ್ತಿದ್ವಿ. "ರಜೆ ಹೇಗಿತ್ತು?" ಅಂತ ಇಂಗ್ಲಿಷ್ ಮೇಷ್ಟ್ರು ಒಬ್ಬೊಬ್ಬರನ್ನೇ ಕೇಳೋರು. ಒಬ್ಬ ಮೈಸೂರು ನೋಡಿದೆ ಅನ್ನೋನು, ಒಬ್ಬ ಕಂಪ್ಯೂಟರ್ ಕ್ಲಾಸ್ ಅನ್ನೋನು. ನಾನು ಮೂರು ವರ್ಷವೂ ಒಂದೇ ಉತ್ತರ ಹೇಳಿದೆ. ಬೆಂಗಳೂರಲ್ಲಿ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಬೆಂಗಳೂರಲ್ಲಿ ನನಗೆ ಯಾವ ಚಿಕ್ಕಪ್ಪನೂ ಇರಲಿಲ್ಲ.

ಎರಡನೇ ಬಿಎ ಬೇಸಿಗೆಯಲ್ಲಿ ಒಂದು ದಿನ ನಮ್ಮ ಕ್ಲಾಸಿನ ಹುಡುಗ ಅವರಪ್ಪನ ಜೊತೆ ತೋತಾಪುರಿ ಲೋಡ್ ತಂದ. ಅವರದ್ದೇ ತೋಟ. ಆ ಟ್ರ್ಯಾಕ್ಟರ್ ಇಳಿಸೋ ಸರದಿ ನಮ್ಮ ಗ್ಯಾಂಗಿಂದು. ನಾನು ಟವಲ್ಲನ್ನ ತಲೆಗೆ, ಮುಖಕ್ಕೆ ಸುತ್ಕೊಂಡು ಕೆಲಸ ಮಾಡ್ದೆ. ಅವನು ನನ್ನ ನೋಡಿದ, ಗುರುತು ಹಿಡಿದ, ಬೇರೆ ಕಡೆ ತಿರುಗಿಬಿಟ್ಟ. ಕಾಲೇಜಲ್ಲಿ ಯಾವತ್ತೂ ಆ ಸುದ್ದಿ ಎತ್ತಲಿಲ್ಲ. ಅವನು ಒಳ್ಳೇ ಹುಡುಗನೇ. ಅವತ್ತು ಅವನೂ ಬಿಸಿಲಲ್ಲಿ ಬೆಳಗಿಂದ ಅವರಪ್ಪನ ಜೊತೆ ದುಡಿದೇ ಬಂದಿದ್ದ. ಆದ್ರೆ ಅವನು ಅದನ್ನ ಕ್ಲಾಸಲ್ಲಿ ಹೇಳಬಹುದಿತ್ತು, "ರಜೆಯಲ್ಲಿ ನಮ್ಮ ತೋಟದಲ್ಲಿದ್ದೆ" ಅಂತ. ಹೇಳಿದ್ದ ಕೂಡ. ಅದೇ ಕಾಯಿ, ಅದೇ ಸೊನೆ. ಅವನ ಕಲೆ ತೋಟದ ಕಲೆ, ನನ್ನದು ಕೂಲಿ ಕಲೆ.

ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಈ ವಾರ ಪೂರ್ತಿ ಯೋಚನೆ ಮಾಡಿದೀನಿ. ಅದನ್ನೇ ಇಲ್ಲಿ ಬರೀತಿದೀನಿ.

ಓದ್ತಾ ಓದ್ತಾ ದುಡಿಯೋದು ಈ ದೇಶದಲ್ಲಿ ಹೊಸದೇನಲ್ಲ, ಅವಮಾನದ ಸಂಗತಿಯೂ ಆಗಿರಲಿಲ್ಲ. ನಮ್ಮ ಹಳೇ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಿಂದ ಹೋದ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಓದುವಾಗ ಕೊಡಗು ಮೂಲದ ಉಳ್ಳವರ ಮನೆಯ ಮಕ್ಕಳಿಗೆ ಪಾಠ ಹೇಳ್ಕೊಟ್ಟು ಓದು ನಡೆಸಿದ್ರು. 1881ರಲ್ಲಿ ಬಿಎ ಪಾಸಾದ್ರು. ಶಾಲೆಯ ಪುಸ್ತಕಗಳಲ್ಲಿ ಈ ಕತೆ ಓದಿ ನಾವೂ ಬೆಳೆದಿದೀವಿ. ಇನ್ನು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ಊಟ ಮಾಡ್ಕೊಂಡು ಓದಿದ ಬಡ ಬ್ರಾಹ್ಮಣ ಹುಡುಗ್ರು ಆಮೇಲೆ ಅಮಲ್ದಾರರಾದ್ರು, ಪ್ರೊಫೆಸರ್ ಆದ್ರು, ಸಾಹಿತಿಗಳಾದ್ರು. ಆತ್ಮಕತೆಗಳಲ್ಲಿ ಆ ಕಷ್ಟವನ್ನ ಹೆಮ್ಮೆಯಿಂದ ಬರ್ಕೊಂಡಿದಾರೆ. ಬರ್ಕೊಳ್ಳಲಿ, ಹಸಿವು ಯಾರದ್ದಾದರೂ ಹಸಿವೇ. ಕರಾವಳಿಯ ಎಷ್ಟೋ ಹುಡುಗ್ರು ಮುಂಬೈನ ಹೋಟೆಲು, ಕ್ಯಾಂಟೀನುಗಳಲ್ಲಿ ಹಗಲು ಕೆಲಸ ಮಾಡಿ ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಮೇಲೆ ಬಂದ್ರು. ಅದೂ ಹೆಮ್ಮೆಯ ಕತೆಯೇ.

ನಾನು ಕೇಳೋದು ಇಷ್ಟೇ. ಈ ಮೂರು ಕೆಲಸದಲ್ಲಿ ಯಾವುದು ನಮ್ಮ ಕೇರಿ ಹುಡುಗನಿಗೆ ಸಿಗ್ತಿತ್ತು? ಮನೆಪಾಠ ಹೇಳಬೇಕು ಅಂದ್ರೆ ಮನೆ ಒಳಗೆ ಹೋಗಬೇಕು. ವಾರಾನ್ನಕ್ಕೆ ಪಂಕ್ತೀಲಿ ಕೂರಬೇಕು. ಹೋಟೆಲಲ್ಲಿ ಸಪ್ಲೈಯರ್ ಆಗಬೇಕು ಅಂದ್ರೆ ಊರವರ ಲೋಟ ಮುಟ್ಟಬೇಕು. ಗಿರಾಕಿಯಾಗಿ ಹೋದವನಿಗೇ ಬೇರೆ ಲೋಟ ಇಟ್ಟಿದ್ದ ಕಾಲ ಅದು. ಅಂದ್ರೆ ಇವತ್ತು ನಾವು ಪಾರ್ಟ್ ಟೈಮ್ ಜಾಬ್ ಅಂತ ಕರೆಯೋದು ಕೂಡ ಜಾತಿ ಪ್ರಕಾರ ಹಂಚಿಕೆ ಆಗಿತ್ತು. ವಿದ್ಯಾರ್ಥಿಗೆ ಒಪ್ಪೋ ಕೆಲಸ, ಓದಿಗೆ ಹತ್ತಿರದ ಕೆಲಸ, ಆಮೇಲೆ ಹೇಳ್ಕೊಳ್ಳೋಕೆ ಚೆಂದದ ಕೆಲಸ, ಅದೆಲ್ಲಾ ಹೊಸ್ತಿಲ ಆ ಕಡೆ ಇತ್ತು.

ನಮ್ಮ ಕಡೆ ಇದ್ದ ಕೆಲಸ ಯಾವುದು? ಬಿಟ್ಟಿ ಚಾಕರಿ. ತೋಟಿ, ತಳವಾರ, ನೀರುಗಂಟಿ. ಸತ್ತ ದನ ಎಳೆಯೋದು, ಸಾವಿನ ಸುದ್ದಿ ಹೊತ್ಕೊಂಡು ಹತ್ತು ಹಳ್ಳಿ ಓಡೋದು, ಸಾಹೇಬರು ಬಂದಾಗ ಗಂಟು ಹೊರೋದು. ನಮ್ಮ ತಾತ ತೋಟಿಯಾಗಿದ್ರು. ಇಷ್ಟೊತ್ತಿಂದ ಇಷ್ಟೊತ್ತಿಗೆ ಅಂತ ಆ ಕೆಲಸಕ್ಕೆ ಹೊತ್ತು ಇರಲಿಲ್ಲ. ಒಲ್ಲೆ ಅನ್ನೋಕೆ ಆಗ್ತಿರಲಿಲ್ಲ. ಮನೇಲಿ ಒಬ್ಬರಿಗೆ ಕೆಲಸ ಅಂದ್ರೆ ಇಡೀ ಮನೆಗೇ ಕೆಲಸ, ಮಕ್ಕಳೂ ಅದರಲ್ಲಿ ಸೇರಿದ್ರು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಮಹಾರ್ ವತನದ ಬಗ್ಗೆ ತಿದ್ದುಪಡಿ ಮಸೂದೆ ಮಂಡಿಸಿದ್ದು ಇದೇ ಕಾರಣಕ್ಕೆ. ಒಂದು ತುಂಡು ಇನಾಮು ಭೂಮಿ, ಒಂದಿಷ್ಟು ಕಾಳು ಕೊಟ್ಟು ಇಡೀ ಜಾತಿಯ ದುಡಿಮೆಯನ್ನ ತಲೆಮಾರುಗಟ್ಟಲೆ ಬರೆಸ್ಕೊಂಡುಬಿಡೋ ಏರ್ಪಾಡು ಅದು. ನಮ್ಮಲ್ಲಿ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆ ಬಂದಿದ್ದು 1961ರಲ್ಲಿ. ಜೀತ ಪದ್ಧತಿ ರದ್ದಿನ ಕಾಯ್ದೆ 1976ರಲ್ಲಿ. ಕಾನೂನು ಬಂದ ದಿನವೇ ಜೀತ ನಿಲ್ಲಲಿಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇಂಥ ಕಡೆಯಿಂದ ಬಂದ ಅಪ್ಪ ಮಗನನ್ನ ಇಸ್ಕೂಲಿಗೆ ಕಳಿಸೋದು ಕೆಲಸ ಕಲೀಲಿ ಅಂತಲ್ಲ. ಈ ಕೆಲಸದಿಂದ ಬಿಡುಗಡೆ ಆಗಲಿ ಅಂತ. ನಮಗೆ ಓದು ಅಂದ್ರೆ ಕೂಲಿಯ ವಿರುದ್ಧ ಪದ. ಅದಕ್ಕೇ ಓದೋ ಹುಡುಗ ಕೂಲಿ ಮಾಡಿದ್ರೆ ಬಿಡುಗಡೆ ಇನ್ನೂ ಆಗಿಲ್ಲ ಅಂತ ಅರ್ಥ ಬರ್ತಿತ್ತು. ನಾಚಿಕೆ ಹುಟ್ಟಿದ್ದು ಅಲ್ಲಿ. ನಮ್ಮನ್ನ ಸೋಮಾರಿಗಳು, ಕೈ ಕೆಸರು ಮಾಡ್ಕೊಳ್ಳೋಕೆ ಹಿಂಜರಿಯೋರು ಅಂತ ಯಾರಾದ್ರೂ ಅಂದ್ರೆ ಈ ಇತಿಹಾಸ ಗೊತ್ತಿಲ್ಲ ಅಂತಲೇ ಅರ್ಥ.

ನಮ್ಮ ಮಕ್ಕಳಿಗೆ ಶಾಲೆ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮಂಗಳೂರಲ್ಲಿ ಕುದ್ಮುಲ್ ರಂಗರಾವ್ ಅವರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರು ಮಾಡಿದಾಗ ಪುಸ್ತಕ, ಸ್ಲೇಟು ಕೊಟ್ಟು ಸುಮ್ಮನಾಗಲಿಲ್ಲ. ಮಧ್ಯಾಹ್ನದ ಊಟ ಹಾಕಿದ್ರು, ಬಂದ ಮಕ್ಕಳ ಕೈಗೆ ಪುಡಿಗಾಸು ಕೊಟ್ರು. ಮಗು ಶಾಲೆಗೆ ಬಂದ್ರೆ ಮನೆಗೆ ಒಂದು ಕೂಲಿ ತಪ್ಪುತ್ತೆ, ಆ ಕೂಲಿಯನ್ನ ಯಾರಾದ್ರೂ ತುಂಬಿಕೊಡಬೇಕು ಅನ್ನೋ ಲೆಕ್ಕ ಅದು. ಬಾಬಾಸಾಹೇಬರ ಬಹಿಷ್ಕೃತ ಹಿತಕಾರಿಣಿ ಸಭಾ 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೀತು. ಆ ದಶಕದ ಕೊನೇಲಿ ನಮ್ಮ ಧಾರವಾಡದಲ್ಲೂ ಬಾಬಾಸಾಹೇಬರ ಪ್ರಯತ್ನದಿಂದ ಹಾಸ್ಟೆಲ್ ಬಂತು. ಹಾಸ್ಟೆಲ್ ಅಂದ್ರೆ ಕಟ್ಟಡ ಅಲ್ಲ ಬಂಧುಗಳೇ. ಹುಡುಗ ಕೂಲಿಗೆ ಹೋಗದ ಹಾಗೆ ಹಿಡಿದು ಕೂರಿಸೋ ಎರಡು ಹೊತ್ತಿನ ಅನ್ನ. ಆ ಅನ್ನ ಪರೀಕ್ಷೆ ಮುಗಿದ ದಿನ ನಿಂತ್ರೆ ಹುಡುಗ ಮಾರನೇ ದಿನ ಮಂಡೀಲಿ ಇರ್ತಾನೆ. ಬೇಸಿಗೆ ರಜೆ ಅನ್ನೋದನ್ನ ಅಜ್ಜಿ ಮನೆ ಇದ್ದವರು ಮಾಡಿದ್ದು, ನಮ್ಮಜ್ಜಿಗೇ ಮನೆ ಇರಲಿಲ್ಲ.

ಬಾಬಾಸಾಹೇಬರ ಜೀವನದ ಒಂದು ಸಣ್ಣ ಸಂಗತಿ ನನಗೆ ಯಾವಾಗಲೂ ನೆನಪಾಗುತ್ತೆ. ಸತಾರಾದಲ್ಲಿದ್ದಾಗ ಹುಡುಗ ಭೀಮರಾವ್ ಮುಂಬೈಗೆ ಓಡಿಹೋಗಿ ಗಿರಣೀಲಿ ಕೆಲಸಕ್ಕೆ ಸೇರಬೇಕು ಅಂತ ತೀರ್ಮಾನ ಮಾಡಿದ್ದ. ಸತಾರಾ ಕಡೆಯ ಹುಡುಗ್ರು ಅಲ್ಲಿ ನೂಲು ಸುತ್ತೋ ಕೆಲಸ ಮಾಡ್ತಿದ್ರಂತೆ. ರೈಲು ಚಾರ್ಜಿಗೆ ದುಡ್ಡು ಬೇಕಲ್ಲ, ಅತ್ತೆಯ ಸೊಂಟದ ಚೀಲಕ್ಕೆ ಕೈ ಹಾಕಿದ. ಸಿಕ್ಕಿದ್ದು ಅರ್ಧಾಣೆ. ಆ ಅರ್ಧಾಣೆಯ ನಾಚಿಕೆಯಲ್ಲೇ ಕದಿಯೋದು ಬಿಟ್ಟು ಓದೋಕೆ ಕೂತೆ ಅಂತ ಮುಂದೆ ಅವರೇ ಹೇಳ್ಕೊಂಡಿದಾರೆ. ಆ ಚೀಲದಲ್ಲಿ ಎರಡು ರೂಪಾಯಿ ಇದ್ದಿದ್ರೆ? ಹಾಗೆ ಎರಡು ರೂಪಾಯಿ ಸಿಕ್ಕಿ ಗಿರಣಿಗೆ, ಇಟ್ಟಿಗೆ ಗೂಡಿಗೆ, ಗಾರ್ಮೆಂಟ್ಸಿಗೆ ಹೋದ ಭೀಮರಾವ್‌ಗಳು ಎಷ್ಟು ಜನ ಅಂತ ಲೆಕ್ಕ ಇಟ್ಟವರು ಯಾರೂ ಇಲ್ಲ.

ಓದಿನ ಜೊತೆ ದುಡಿಮೆ ಇರಬೇಕು ಅಂತ ದೊಡ್ಡವರು ಹೇಳಿದಾಗೆಲ್ಲಾ ನಾನು ಒಂದು ನಿಮಿಷ ನಿಂತು ಅದು ಯಾರ ಮಕ್ಕಳಿಗೆ ಅಂತ ಕೇಳ್ತೀನಿ. ನಮ್ಮ ಪಕ್ಕದ ಮದ್ರಾಸ್ ರಾಜ್ಯದಲ್ಲಿ 1953ರಲ್ಲಿ ರಾಜಾಜಿ ಒಂದು ಯೋಜನೆ ತಂದ್ರು. ಹಳ್ಳಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಪಾಠ, ಮಿಕ್ಕ ಹೊತ್ತು ಅಪ್ಪನ ಕಸುಬು ಕಲಿಯೋದು. ಕೇಳೋಕೆ ಏನೂ ತಪ್ಪಿಲ್ಲ ಅನ್ಸುತ್ತೆ. ವಕೀಲರ ಮಗ ವಕೀಲಿ ನೋಡ್ಕೊಂಡು ಕೂರ್ತಾನೆ, ಕ್ಷೌರಿಕನ ಮಗ ಕತ್ತಿ ಹಿಡೀತಾನೆ, ಜಾಡಮಾಲಿಯ ಮಗ ಏನು ಹಿಡೀತಾನೆ? ಪೆರಿಯಾರ್ ಅದಕ್ಕೆ ಕುಲ ಕಲ್ವಿ, ಅಂದ್ರೆ ಕುಲದ ಶಿಕ್ಷಣ ಅಂತ ಹೆಸರಿಟ್ಟು ರಾಜ್ಯ ಅಲ್ಲಾಡಿಸಿಬಿಟ್ರು. 1954ರಲ್ಲಿ ರಾಜಾಜಿ ಕೆಳಗಿಳಿದ್ರು, ಕಾಮರಾಜ್ ಬಂದು ಯೋಜನೆ ರದ್ದು ಮಾಡಿದ್ರು. ಗಾಂಧೀಜಿಯವರ ವಾರ್ಧಾ ಶಿಕ್ಷಣದ ಬಗ್ಗೆಯೂ ನನ್ನ ಅನುಮಾನ ಅದೇ. ಯಾವತ್ತೂ ಕೈಯಲ್ಲಿ ಕೆಲಸ ಮಾಡದ ಮನೆಯ ಮಗುವಿಗೆ ನೂಲೋದು ಪಾಠ. ಹುಟ್ಟಿದಾಗಿಂದ ಕೈ ಕೆಲಸವೇ ಗತಿ ಆಗಿರೋ ಮಗುವಿಗೆ ಪಾಠ ಅಂದ್ರೆ ಪುಸ್ತಕ. ಈ ಮಾತಿಗೆ ನನ್ನ ಗಾಂಧಿವಾದಿ ಗೆಳೆಯರು ಬೈತಾರೆ, ಬೈಯ್ಯಲಿ.

ಆದ್ರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಇಲ್ಲಾಂದ್ರೆ ಮಗಳ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ.

ಸತಾರಾದಲ್ಲೇ ಕರ್ಮವೀರ ಭಾವೂರಾವ್ ಪಾಟೀಲರು ಇದ್ರು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದವರು, ಜೋತಿಬಾ ಫುಲೆಯವರ ಸತ್ಯಶೋಧಕ ಹಾದಿಯವರು. 1924ರಲ್ಲಿ ಸತಾರಾದಲ್ಲಿ ಅವರು ಶುರು ಮಾಡಿದ ಹಾಸ್ಟೆಲಲ್ಲಿ ಮರಾಠಾ, ಜೈನ, ಮುಸ್ಲಿಂ, ಮಹಾರ್, ಮಾಂಗ್ ಹುಡುಗ್ರು ಒಂದೇ ಕಡೆ ಅಡುಗೆ ಮಾಡಿ ಒಂದೇ ಸಾಲಲ್ಲಿ ಉಂಡ್ರು. ದುಡ್ಡು ಸಾಲದೆ ಅವರ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆ ಕೊಟ್ರು, ತಾಳಿಯನ್ನೂ ಬಿಚ್ಚಿಕೊಟ್ರು. ಅಲ್ಲಿ ಫೀಸಿನ ಬದಲು ದುಡಿಮೆ. ಹೊಲದ ಕೆಲಸ, ಕಟ್ಟಡದ ಕೆಲಸ, ಅಡುಗೆ, ನೀರು ಸೇದೋದು. 1947ರಲ್ಲಿ ಸತಾರಾದಲ್ಲಿ ಶಿವಾಜಿ ಕಾಲೇಜನ್ನೂ ಇದೇ "ದುಡಿ, ಓದು" ಪದ್ಧತಿ ಮೇಲೇ ತೆರೆದ್ರು. ರಾಜಾಜಿ ಯೋಜನೆಗೂ ಇದಕ್ಕೂ ಏನು ವ್ಯತ್ಯಾಸ? ಇಲ್ಲಿ ಹಾರೆ ಹಿಡಿಯೋನು ಮಹಾರ್ ಹುಡುಗ ಮಾತ್ರ ಅಲ್ಲ, ಪಾಟೀಲರ ಹುಡುಗನೂ ಹಿಡಿದ. ಎಲ್ಲರ ಕೈಗೂ ಬೊಬ್ಬೆ ಬಂದಾಗ ಬೊಬ್ಬೆಗೆ ಜಾತಿ ಇರಲ್ಲ. ಪುಣೆ ವಿಶ್ವವಿದ್ಯಾಲಯದಲ್ಲಿ ಇವತ್ತಿಗೂ ಕರ್ಮವೀರರ ಹೆಸರಲ್ಲೇ ದುಡಿದು ಓದೋ ಯೋಜನೆ ಇದೆ. ವಿದ್ಯಾರ್ಥಿ ಲೈಬ್ರರಿ, ಆಫೀಸು ಅಂತ ಕಾಲೇಜು ಒಳಗೇ ಗಂಟೆ ಲೆಕ್ಕದಲ್ಲಿ ಕೆಲಸ ಮಾಡ್ತಾನೆ, ಸಂಬಳ ತಗೋತಾನೆ.

ಬಾಬಾಸಾಹೇಬರು ಮಾಡಿದ್ದು ಇನ್ನೂ ಸರಳ, ನನ್ನಂಥ ಗುಮಾಸ್ತನಿಗೆ ಇನ್ನೂ ಹತ್ತಿರ. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, 1946ರ ಜೂನ್‌ನಲ್ಲಿ ಮುಂಬೈನಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ತರಗತಿಗಳನ್ನ ಬೆಳಗಿನ ಹೊತ್ತು ಇಟ್ರು. ಬೆಳಗ್ಗೆ ಪಾಠ ಮುಗಿಸ್ಕೊಂಡು ಹುಡುಗ ತನ್ನ ಆಫೀಸಿಗೋ ಅಂಗಡಿಗೋ ಹೋಗಬಹುದು. ದುಡಿಯೋದರ ಗುಣಗಾನ ಇಲ್ಲ, ಕೈ ಕೆಲಸದಿಂದ ಆತ್ಮಶುದ್ಧಿ ಅನ್ನೋ ಮಾತೂ ಇಲ್ಲ. ಬಡವರ ಮಕ್ಕಳು ದುಡೀತಾರೆ, ದುಡಿಯದೆ ಬೇರೆ ದಾರಿ ಇಲ್ಲ, ಹಾಗಾಗಿ ಕಾಲೇಜು ತನ್ನ ಗಡಿಯಾರ ಬದಲಾಯಿಸ್ಕೊಳ್ಳಲಿ, ಅಷ್ಟೇ. ಅವರಿಗೆ ಇದು ಪುಸ್ತಕದಿಂದ ಗೊತ್ತಾಗಿದ್ದಲ್ಲ. ಬರೋಡಾ ಸ್ಕಾಲರ್‌ಶಿಪ್ ಮುಗಿದು ಲಂಡನ್ ಓದನ್ನ ಅರ್ಧಕ್ಕೆ ಬಿಟ್ಟು ಬಂದವರು 1918ರಿಂದ 1920ರವರೆಗೆ ಸಿಡೆನ್‌ಹ್ಯಾಮ್ ಕಾಲೇಜಲ್ಲಿ ಪಾಠ ಮಾಡಿ, ಸಂಬಳದಲ್ಲಿ ಉಳಿಸಿ, ಶಾಹೂ ಮಹಾರಾಜರ ನೆರವು ಪಡೆದು, ಪಾರ್ಸಿ ಗೆಳೆಯ ನವಲ್ ಭಥೇನಾ ಹತ್ರ ಸಾಲ ಮಾಡಿ ಮತ್ತೆ ಹಡಗು ಹತ್ತಿದ್ರು. ಅದೇ ಮನುಷ್ಯ ಮುಂದೆ ವೈಸ್‌ರಾಯ್ ಸಂಪುಟದಲ್ಲಿ ಕೂತು ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೇಳಿ ಪಡೆದ್ರು. 1944ರಲ್ಲಿ ಶುರುವಾದ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಅದೇ. ಒಂದು ಕೈಯಲ್ಲಿ ಸ್ಕಾಲರ್‌ಶಿಪ್, ಇನ್ನೊಂದು ಕೈಯಲ್ಲಿ ಬೆಳಗಿನ ಕಾಲೇಜು. ಎರಡೂ ಬೇಕು ಅಂತ ಅವರಿಗೆ ಗೊತ್ತಿತ್ತು.

ಇನ್ನೊಂದು ತಮಾಷೆ ನೋಡಿ. ಜಯಪ್ರಕಾಶ್ ನಾರಾಯಣ್ 1922ರಲ್ಲಿ ಅಮೆರಿಕಕ್ಕೆ ಓದೋಕೆ ಹೋದ್ರು. ಅಲ್ಲಿ ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದ್ರು, ಹೋಟೆಲಲ್ಲೂ ದುಡಿದ್ರು. ಅವರ ಜೀವನ ಚರಿತ್ರೆ ಬರೆದವರು ಇದನ್ನ ಸಂಭ್ರಮದಿಂದ ಬರೀತಾರೆ. ನಾನೂ ಜೆಪಿ ಬಗ್ಗೆ ಗೌರವ ಇರೋನೇ. ಆದ್ರೆ ದ್ರಾಕ್ಷಿಗೂ ಮಾವಿಗೂ ಏನು ವ್ಯತ್ಯಾಸ ಅಂತ ಯೋಚಿಸ್ತೀನಿ. ಈಗಲೂ ಅಷ್ಟೇ. ನಮ್ಮ ಸಾಹೇಬರ ಮಗ ಹೊರದೇಶದಲ್ಲಿ ಎಂಎಸ್ ಓದ್ತಾ ವಾರಕ್ಕೆ ಇಪ್ಪತ್ತು ಗಂಟೆ ಕ್ಯಾಂಪಸ್ ಕ್ಯಾಂಟೀನಲ್ಲಿ ತಟ್ಟೆ ತೊಳೀತಾನೆ. ಸಾಹೇಬರು ಅದನ್ನ ಆಫೀಸಲ್ಲೆಲ್ಲಾ ಹೇಳ್ಕೊಂಡು, ಅಲ್ಲಿ ಡಿಗ್ನಿಟಿ ಆಫ್ ಲೇಬರ್ ಇದೆ ಕಣ್ರೀ ಅಂತಾರೆ. ಮಧ್ಯಾಹ್ನ ಊಟ ಆದ್ಮೇಲೆ ಅವರ ತಟ್ಟೆ ತೊಳೆಯೋದು ನಮ್ಮ ಗ್ರೂಪ್ ಡಿ ಅಮ್ಮ. ಆಯಮ್ಮನ ಕೆಲಸಕ್ಕೆ ಯಾವ ಇಂಗ್ಲಿಷ್ ಹೆಸರೂ ಇಲ್ಲ.

ಈಗ ನಮ್ಮ ಕಾಲೇಜುಗಳಲ್ಲಿ ಆಗ್ತಿರೋದಕ್ಕೆ ಬರ್ತೀನಿ. ನಾನು ಕೆಲಸ ಮಾಡೋದು ಒಂದು ಡಿಗ್ರಿ ಕಾಲೇಜಿನ ಆಫೀಸಲ್ಲಿ. ಹೆಸರು ಬೇಡ, ನೌಕರಿ ಬೇಕು. ನನ್ನ ಕೌಂಟರಿನ ಕಿಂಡಿಯಲ್ಲಿ ದಿನಾ ಈ ವಿಷಯ ನೋಡ್ತೀನಿ. ಒಂದು ಗುಂಪು ಹುಡುಗ್ರು ಬಂದು, "ಸರ್, ಇಂಟರ್ನ್‌ಶಿಪ್‌ಗೆ ಲೆಟರ್ ಬೇಕು" ಅಂತಾರೆ. ಅಪ್ಪನ ಸ್ನೇಹಿತರ ಕಂಪನಿ, ಮಾವನ ಆಡಿಟ್ ಆಫೀಸು. ಎಷ್ಟೋ ಸಲ ಸಂಬಳವೂ ಇರಲ್ಲ, ಎರಡು ತಿಂಗಳು ಸುಮ್ಮನೆ ಓಡಾಡೋ ಶಕ್ತಿ ಇದ್ದವರಿಗೆ ಮಾತ್ರ ಸಿಗೋ ಕೆಲಸ ಅದು. ಕೊನೇಲಿ ಸರ್ಟಿಫಿಕೇಟ್ ಸಿಗುತ್ತೆ, ಬಯೋಡೇಟಾದಲ್ಲಿ ಒಂದು ಸಾಲಾಗುತ್ತೆ. ಇನ್ನೊಂದು ಗುಂಪಿನ ಹುಡುಗ್ರು ಯಾವ ಲೆಟರೂ ಕೇಳಲ್ಲ. ಕೇಟರಿಂಗಲ್ಲಿ ಬಡಿಸ್ತಾರೆ, ಶಾಮಿಯಾನ ಕಟ್ತಾರೆ, ಪೇಂಟಿಂಗ್ ಮಾಡ್ತಾರೆ, ರಾತ್ರಿ ಹೊತ್ತು ಊಟ ಡೆಲಿವರಿ ಮಾಡ್ತಾರೆ. ದೇಶದಲ್ಲಿ 2020-21ರಲ್ಲಿ ಇಂಥ ಗಿಗ್ ಕೆಲಸಗಾರರು 77 ಲಕ್ಷ ಜನ ಇದ್ರು ಅಂತ ನೀತಿ ಆಯೋಗದ 2022ರ ವರದಿ ಅಂದಾಜು ಮಾಡಿತ್ತು. ಅವರಲ್ಲಿ ಕಾಲೇಜು ಬ್ಯಾಗನ್ನ ಮನೇಲಿಟ್ಟು ಡೆಲಿವರಿ ಬ್ಯಾಗು ಏರಿಸ್ಕೊಂಡು ಬಂದವರು ಎಷ್ಟು ಜನ ಅಂತ ನಮ್ಮ ಯಾವ ಕಾಲೇಜೂ ಎಣಿಸಿಲ್ಲ.

ಕೊರೋನಾ ವರ್ಷ ನೆನಪಿದೆಯಾ? 2020ರ ಬೇಸಿಗೆಯಲ್ಲಿ ಡಿಗ್ರಿ ಓದ್ತಿದ್ದ, ಡಿಗ್ರಿ ಮುಗಿಸಿದ್ದ ಹುಡುಗ್ರು ಜಾಬ್ ಕಾರ್ಡ್ ಹಿಡ್ಕೊಂಡು ನರೇಗಾ ಕೆಲಸಕ್ಕೆ ಬಂದ್ರು. ದಿನಕ್ಕೆ 275 ರೂಪಾಯಿ. ಪತ್ರಿಕೆಗಳಲ್ಲಿ "ಪದವೀಧರರ ಕೈಗೆ ಗುದ್ದಲಿ" ಅನ್ನೋ ಧಾಟಿಯಲ್ಲಿ ಮರುಗಿ ಮರುಗಿ ಬರೆದ್ರು. ನನಗೆ ನಗು ಬಂತು. ನಮ್ಮ ಕೇರೀಲಿ ಪದವೀಧರ ಯಾವತ್ತು ಗುದ್ದಲಿ ಬಿಟ್ಟಿದ್ದ? ಆ ಬೇಸಿಗೆಯಲ್ಲಿ ಹೊಸದಾಗಿ ಏನಾದ್ರೂ ಆಗಿದ್ರೆ ಅದು ಇಷ್ಟು. ಕೆರೆ ಹೂಳು ಎತ್ತೋ ಜಾಗದಲ್ಲಿ ಹುಡುಗ್ರು ಮುಖ ಮುಚ್ಕೊಳ್ಳಲಿಲ್ಲ. ಬೆವರಿದ ಮುಖದಲ್ಲೇ ಫೋಟೋ ತೆಗೆದು ಸ್ಟೇಟಸ್ ಹಾಕಿದ್ರು. ನಾನು ಟವಲ್ ಸುತ್ಕೊಂಡಿದ್ದೆ, ಅವರು ಸೆಲ್ಫಿ ತಗೊಂಡ್ರು. ನಡುವೆ ಇಪ್ಪತ್ತು ವರ್ಷ.

ಆದ್ರೆ ಎಲ್ಲಾ ಸರಿಹೋಯ್ತು ಅಂತಲ್ಲ. ಈ ಸೆಮಿಸ್ಟರಿನ ಕೊನೇಲಿ ಒಬ್ಬ ಹುಡುಗ ಕಿಂಡಿ ಹತ್ರ ಬಂದು ಎಲ್ಲರೂ ಹೋಗೋವರೆಗೂ ನಿಂತಿದ್ದ. ನಮ್ಮವನೇ, ಹಳ್ಳಿ ಹುಡುಗ, ಅಪ್ಪ ಇಲ್ಲ. ಹಾಜರಾತಿ ಶೇ. 75 ಬೇಕು, ಅವನಿಗೆ ಅರುವತ್ತೂ ಇರಲಿಲ್ಲ. ರಾತ್ರಿ ಒಂದು ಗಂಟೆವರೆಗೂ ಡೆಲಿವರಿ ಮಾಡಿ ರೂಮಿಗೆ ಬರ್ತಾನೆ, ಬೆಳಗಿನ ಮೊದಲ ಎರಡು ಕ್ಲಾಸ್ ತಪ್ಪುತ್ತೆ. ಸ್ಕಾಲರ್‌ಶಿಪ್ ಇನ್ನೂ ಬಂದಿರಲಿಲ್ಲ, ರೂಮಿನ ಬಾಡಿಗೆ ಕಾಯಲ್ಲ. "ಡೆಲಿವರಿಗೆ ಹೋಗ್ತೀನಿ ಅಂತ ಅರ್ಜೀಲಿ ಬರಿ, ನಾನು ಮೇಲೆ ಮಾತಾಡ್ತೀನಿ" ಅಂದೆ. "ಬೇಡ ಸರ್, ಹುಷಾರಿರಲಿಲ್ಲ ಅಂತ ಬರೀತೀನಿ, ಮೆಡಿಕಲ್ ಸರ್ಟಿಫಿಕೇಟ್ ಎಲ್ಲಾದ್ರೂ ತರ್ತೀನಿ" ಅಂದ.

ನನಗೆ ನನ್ನ ಬೆಂಗಳೂರಿನ ಚಿಕ್ಕಪ್ಪ ನೆನಪಾದ್ರು.

ಕಾಯಿಲೆ ಅಂದ್ರೆ ಕಾಲೇಜು ನಂಬುತ್ತೆ, ಮಾಫಿ ಮಾಡುತ್ತೆ. ಎನ್‌ಸಿಸಿ ಕ್ಯಾಂಪು, ಕ್ರೀಡೆ, ಯುವಜನೋತ್ಸವ ಅಂದ್ರೂ ಹಾಜರಾತಿ ಕೊಡುತ್ತೆ. ದುಡಿಮೆ ಅಂದ್ರೆ ಕೊಡೋದಕ್ಕೆ ಅರ್ಜಿ ಫಾರಮ್ಮಿನಲ್ಲಿ ಕಾಲಮ್ಮೇ ಇಲ್ಲ. ನಾನು ಹೋಗಿ ಮಾತಾಡಿದೆ. "ಅಂಥವರಿಗೆಲ್ಲಾ ರೆಗ್ಯುಲರ್ ಕಾಲೇಜು ಯಾಕ್ರೀ, ದೂರ ಶಿಕ್ಷಣಕ್ಕೆ ಹೋಗಲಿ" ಅಂತ ಉತ್ತರ ಬಂತು. ಹುಡುಗ ಸುಳ್ಳು ಸರ್ಟಿಫಿಕೇಟ್ ತಂದು ಪರೀಕ್ಷೆ ಬರೆದ. ಆ ಸರ್ಟಿಫಿಕೇಟನ್ನ ಫೈಲಿಗೆ ಹಾಕಿದವನು ನಾನೇ. ತಪ್ಪು ಅಂತ ಯಾರಾದ್ರೂ ಅಂದ್ರೆ ಒಪ್ಕೋತೀನಿ.

ಸಂಘಟನೆಯ ಗೆಳೆಯರಲ್ಲಿ ನನ್ನದೊಂದು ಮನವಿ ಇದೆ. ನಾವು ಸ್ಕಾಲರ್‌ಶಿಪ್‌ಗೆ ಹೋರಾಡ್ತೀವಿ, ಹಾಸ್ಟೆಲ್ ಊಟಕ್ಕೆ ಹೋರಾಡ್ತೀವಿ, ಬಿಡಬಾರದು. ಅದರ ಜೊತೆ ಮೂರು ವಿಷಯ ಸೇರಿಸೋಣ. ಬೇಸಿಗೆ ರಜೆಯಲ್ಲೂ ಹಾಸ್ಟೆಲ್ ತೆರೆದಿರಬೇಕು, ಹೋಗೋಕೆ ಜಾಗ ಇಲ್ಲದ ಮಕ್ಕಳಿದ್ದಾರೆ. ದುಡಿಯೋ ವಿದ್ಯಾರ್ಥಿಗೆ ಹಾಜರಾತಿಯಲ್ಲಿ ರಿಯಾಯಿತಿ ಇರಬೇಕು, ಅದನ್ನ ನಿಜ ಹೇಳಿಯೇ ಕೇಳೋ ಹಾಗಿರಬೇಕು. ಮೂರನೇದು, ಪುಣೆಯ ಥರ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಲೈಬ್ರರಿ, ಲ್ಯಾಬು, ಆಫೀಸು ಕೆಲಸವನ್ನ ಗಂಟೆ ಲೆಕ್ಕದಲ್ಲಿ ವಿದ್ಯಾರ್ಥಿಗಳಿಗೆ ಕೊಡಲಿ. ಆದ್ರೆ ಕಸ ಗುಡಿಸೋಕೆ ನಮ್ಮ ಹುಡುಗ್ರು, ಕಂಪ್ಯೂಟರ್ ಮುಂದೆ ಅವರ ಹುಡುಗ್ರು ಅಂತ ಹಂಚಿದ್ರೆ ಅದು ಕರ್ಮವೀರರ ಯೋಜನೆ ಆಗಲ್ಲ, ರಾಜಾಜಿ ಯೋಜನೆ ಆಗುತ್ತೆ. ಯಾವ ಕೆಲಸ ಯಾರಿಗೆ ಅನ್ನೋ ಪಟ್ಟಿಯನ್ನ ನಾವು ಪಕ್ಕದಲ್ಲಿ ನಿಂತು ನೋಡಬೇಕು.

ಇನ್ನು ಮಗಳ ವಿಷಯ. ಮೂರು ದಿನ ಮಾತಾಡಲಿಲ್ಲ ಅವಳು. ನಾಲ್ಕನೇ ದಿನ ರಾತ್ರಿ ನಾನೇ ಕರೆದು ಕೂರಿಸ್ಕೊಂಡು ಮಂಡಿ ಕತೆ ಹೇಳ್ದೆ. ಟವಲ್ಲು, ತುಂಬು ತೋಳಿನ ಅಂಗಿ, ಇಲ್ಲದ ಚಿಕ್ಕಪ್ಪ, ಎಲ್ಲಾ. ಹತ್ತೊಂಬತ್ತು ವರ್ಷದಲ್ಲಿ ಅವಳಿಗೆ ಒಂದು ಸಲವೂ ಹೇಳಿರಲಿಲ್ಲ ನೋಡಿ. ಬೀದಿ ಭಾಷಣದಲ್ಲಿ ತಾತನ ತೋಟಿಗಿರಿ ಹೇಳ್ತಿದ್ದೆ, ನನ್ನ ಕೂಲಿ ಹೇಳಿರಲಿಲ್ಲ. ಪೂರ್ತಿ ಕೇಳಿ, "ನಿಮಗೆ ದಿನಕ್ಕೆ ಎಷ್ಟು ಕೊಡ್ತಿದ್ರು?" ಅಂದ್ಲು. ನಲವತ್ತು, ಕೊನೇ ವರ್ಷ ಐವತ್ತು ಅಂದೆ. "ಅದರಲ್ಲಿ ಏನ್ ಮಾಡ್ತಿದ್ರಿ?" ಫೀಸು ಅಂದೆ, ಪುಸ್ತಕ ಅಂದೆ. ಅಮ್ಮ ಒಳಗಿಂದಲೇ, "ನಂಗೊಂದು ಸೀರೆ ತಂದಿದ್ದ, ಅದನ್ನೂ ಹೇಳು ಅನ್ನು" ಅಂದ್ರು. ಅದು ನನಗೆ ಮರ್ತೇ ಹೋಗಿತ್ತು.

ನಾನು ಎರಡು ಮಾತು ಹೇಳಿದೆ. ಕೂರೋಕೆ ಸ್ಟೂಲು ಕೊಡ್ತಾರಾ, ರಾತ್ರಿ ಎಷ್ಟು ಗಂಟೆಗೆ ಬಿಡ್ತಾರೆ, ಸಂಬಳ ಬ್ಯಾಂಕಿಗೆ ಹಾಕ್ತಾರಾ ಅಂತ ಮೊದಲೇ ಕೇಳ್ಕೋ. ಕಾಲೇಜು ಶುರುವಾದ ಮಾರನೇ ದಿನದಿಂದ ಹೋಗೋದು ಬೇಡ. ಅವಳು ಒಪ್ಪಿದ್ಲು. ಸ್ಟೂಲು ಕೊಡಲ್ವಂತೆ. ಅದರ ಬಗ್ಗೆ ಈಗಾಗಲೇ ಅಲ್ಲಿ ಕೆಲಸ ಮಾಡೋ ಹೆಣ್ಣುಮಕ್ಕಳ ಜೊತೆ ಮಾತಾಡ್ತೀನಿ ಅಂತಿದ್ದಾಳೆ. ಕೆಲಸಕ್ಕೆ ಸೇರೋ ಮುಂಚೆನೇ ಸಂಘ ಕಟ್ಟೋಕೆ ಹೊರಟಿದ್ದಾಳೆ, ಎರಡೇ ದಿನಕ್ಕೆ ತೆಗೆದುಹಾಕ್ತಾರೇನೋ ಅಂತ ಅವರಮ್ಮನ ಚಿಂತೆ.

ನಿಮ್ಮಲ್ಲಿ ಓದೋ ಕಾಲದಲ್ಲಿ ಕೂಲಿ ಮಾಡಿದವರು, ಇಟ್ಟಿಗೆ ಹೊತ್ತವರು, ಕಾಫಿ ತೋಟಕ್ಕೆ, ಕಬ್ಬು ಕಡಿಯೋಕೆ ಹೋದವರು ಎಷ್ಟೋ ಜನ ಇದೀರಿ. ಎಲ್ಲಿ, ಯಾವ ವರ್ಷ, ಎಷ್ಟು ಕೂಲಿ, ಯಾರಿಗೆ ಏನು ಸುಳ್ಳು ಹೇಳಿದ್ರಿ ಅಂತ ಇಲ್ಲೇ ಕೆಳಗೆ ಬರೀರಿ. ಅಕ್ಕ ತಂಗಿಯರು ಖಂಡಿತ ಬರೀಬೇಕು, ನಿಮ್ಮ ಕತೆಗಳು ನಮಗೆ ಇನ್ನೂ ಕಡಿಮೆ ಗೊತ್ತು. ಮುಂದಿನ ಭಾನುವಾರ ಸಭೆ ಇದೆ, ಹಾಜರಾತಿ ವಿಷಯದ ಮನವಿ ಪತ್ರದ ಕರಡು ನಾನು ತರ್ತೀನಿ.

ಜೈ ಭೀಮ್.